ಅಳಿಸುವ ಮುನ್ನ ಅಳೆಯಿರಿ: ಕಂಪ್ಯೂಟರಿನ ಕಸ ಮತ್ತು ಮುಕ್ತ ತಂತ್ರಾಂಶಗಳು

ಕಂಪ್ಯೂಟರ್ ನಿಧಾನವಾಗಿದೆ ಎಂದು ಗೊಣಗಿದರೆ ಸಾಕು, ಪಕ್ಕದವರ ಸಲಹೆ ಸಿದ್ಧವಾಗಿರುತ್ತದೆ: ಕಸ ತುಂಬಿರಬೇಕು, ಯಾವುದಾದರೂ ಕ್ಲೀನರ್ ಹಾಕಿ ತೆಗೆದುಬಿಡಿ. ಒಳ್ಳೆಯ ಮನಸ್ಸಿನ ಸಲಹೆಯೇ. ಆದರೆ ಅದರಲ್ಲಿ ಎರಡು ಬೇರೆ ಬೇರೆ ದೂರುಗಳು ಕಲಸಿಹೋಗಿವೆ. ಡಿಸ್ಕಿನಲ್ಲಿ ಜಾಗ ಸಾಲದಿರುವುದು ಒಂದು, ಯಂತ್ರ ತಡವರಿಸುವುದು ಇನ್ನೊಂದು. ಇವೆರಡಕ್ಕೂ ನಂಟು ಬೆಳೆಯುವುದು ಡಿಸ್ಕ್ ಬಹುತೇಕ ತುಂಬಿದಾಗ ಮಾತ್ರ. ಆಗ ಮೆಮೊರಿ ಸಾಲದೆ ಡಿಸ್ಕಿಗೆ ಇಳಿಸಬೇಕಾದ ಮಾಹಿತಿಗೆ ಸ್ಥಳವಿರುವುದಿಲ್ಲ, ಅಪ್‌ಡೇಟ್‌ಗಳು ಅರ್ಧಕ್ಕೆ ನಿಲ್ಲುತ್ತವೆ, ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಆದರೆ ಹೊಸದನ್ನು ಬರೆಯಲು ಖಾಲಿ ಬ್ಲಾಕ್‌ಗಳನ್ನು ಹೊಂದಿಸಿಕೊಳ್ಳಲು ಹೆಣಗುತ್ತದೆ. 500 ಜಿಬಿ ಡಿಸ್ಕಿನಲ್ಲಿ 200 ಜಿಬಿ ಖಾಲಿ ಇಟ್ಟುಕೊಂಡವರು ಇನ್ನೂ ನಾಲ್ಕು ಜಿಬಿ ಅಳಿಸಿದರೆ ವೇಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ನಮ್ಮ ದೂರು ಯಾವುದು ಎಂಬುದು ಮೊದಲು ಇತ್ಯರ್ಥವಾಗಬೇಕು. ಜಾಗದ ದೂರಾದರೆ ಆ ಜಾಗ ಎಲ್ಲಿ ಹೋಗಿದೆ ಎಂದು ಕಣ್ಣಾರೆ ನೋಡಬೇಕು. ವೇಗದ ದೂರಾದರೆ ಕ್ಲೀನರ್‌ಗಳಿಂದ ಸಿಗುವ ಪ್ರಯೋಜನ ತೀರಾ ಕಡಿಮೆ. ಅದರ ಮಾತನ್ನು ಮುಂದೆ ನೋಡೋಣ. ಎರಡಕ್ಕೂ ಬೇಕಾದ ಸಲಕರಣೆಗಳು ಮುಕ್ತ ತಂತ್ರಾಂಶಗಳಾಗಿ ಸಿಗುತ್ತವೆ. ಅಂದರೆ ಅವುಗಳನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನು ನಡೆಯುತ್ತದೆ ಎಂದು ಓದಬಹುದು, ಹಂಚಬಹುದು, ತಿದ್ದಬಹುದು. ಕಡತಗಳನ್ನು ಅಳಿಸುವುದಕ್ಕೆಂದೇ ಇರುವ ತಂತ್ರಾಂಶದ ವಿಷಯದಲ್ಲಿ ಈ ಓದುವ ಸ್ವಾತಂತ್ರ್ಯ ಬರೀ ಆದರ್ಶವಲ್ಲ, ಅದಕ್ಕೆ ನೇರ ಬೆಲೆಯಿದೆ.

ಜಾಗ ಎಲ್ಲಿ ಹೋಯಿತು?

1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ 14 ಜನ ಸೇರಿ 80 ಎಂಬಿಯ ಒಂದು ಹಾರ್ಡ್ ಡಿಸ್ಕ್ ಬಳಸುತ್ತಿದ್ದರು. ಅದು ತುಂಬಿದಾಗ ಯಾರ ಯಾವ ಕಡತ ಎಷ್ಟು ಜಾಗ ಹಿಡಿದಿದೆ ಎಂದು ಪತ್ತೆ ಹಚ್ಚುವುದೇ ಕಷ್ಟವಾಗಿತ್ತು. ಅಲ್ಲಿನ ಪ್ರಾಧ್ಯಾಪಕ ಬೆನ್ ಶ್ನೈಡರ್‌ಮನ್ ಇದೆಲ್ಲ ಒಂದೇ ನೋಟಕ್ಕೆ ಕಾಣುವಂಥ ಚಿತ್ರವೊಂದು ಬೇಕೆಂದು ಪಟ್ಟುಹಿಡಿದು ರೂಪಿಸಿದ್ದೇ ಟ್ರೀಮ್ಯಾಪ್. ಇಡೀ ಡಿಸ್ಕ್ ಒಂದು ದೊಡ್ಡ ಆಯತ. ಅದರೊಳಗೆ ಪ್ರತಿ ಫೋಲ್ಡರಿಗೂ ಒಂದು ಆಯತ. ಫೋಲ್ಡರಿನೊಳಗೆ ಪ್ರತಿ ಕಡತಕ್ಕೂ ಮತ್ತೊಂದು. ಕಡತ ದೊಡ್ಡದಿದ್ದಷ್ಟೂ ಆಯತ ದೊಡ್ಡದು. ಲಕ್ಷಗಟ್ಟಲೆ ಕಡತಗಳಿದ್ದರೂ ಜಾಗ ನುಂಗಿದವುಗಳು ಪರದೆಯ ಮೇಲೆ ತಾವಾಗಿಯೇ ಎದ್ದು ಕಾಣುತ್ತವೆ.

ವಿಂಡೋಸ್‌ನಲ್ಲಿ ವಿನ್‌ಡರ್‌ಸ್ಟ್ಯಾಟ್ ಎಂಬ ಮುಕ್ತ ತಂತ್ರಾಂಶ ಮಾಡುವುದು ಇದನ್ನೇ. ಲಿನಕ್ಸ್‌ನ ಕೆಡರ್‌ಸ್ಟ್ಯಾಟ್ ಅದಕ್ಕೆ ಮಾದರಿ. ಆ ವಂಶದ ಈಗಿನ ಕುಡಿ ಕ್ಯೂಡರ್‌ಸ್ಟ್ಯಾಟ್. ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಬಾವೊಬಾಬ್, ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಫೈಲ್‌ಲೈಟ್ ಇದೆ. ಇವು ಆಯತಗಳ ಬದಲು ಉಂಗುರಗಳಲ್ಲಿ ಚಿತ್ರ ಬಿಡಿಸುತ್ತವೆ. ಮ್ಯಾಕ್‌ಗೆ ಗ್ರ್ಯಾಂಡ್‌ಪರ್ಸ್‌ಪೆಕ್ಟಿವ್. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲೇ ಕೆಲಸ ಮುಗಿಸುವವರಿಗೆ ಎನ್‌ಸಿಡಿಯು. ಯಾವುದನ್ನು ಆರಿಸಿಕೊಂಡರೂ ನಡೆಯುತ್ತದೆ. ಆದರೆ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಲ್ಲದಿದ್ದರೆ ಕೆಲವು ಫೋಲ್ಡರುಗಳೊಳಗೆ ಇಣುಕಲು ಅದಕ್ಕೆ ಅನುಮತಿಯಿರುವುದಿಲ್ಲ, ಲೆಕ್ಕ ತಾಳೆಯಾಗುವುದಿಲ್ಲ.

ಚಿತ್ರ ಮೂಡಿದ ಮೇಲೆ ಸಾಮಾನ್ಯವಾಗಿ ಒಂದು ಅಚ್ಚರಿ ಕಾದಿರುತ್ತದೆ. ಯಾವುದನ್ನು ನಾವು ಕಸ ಎಂದುಕೊಂಡಿದ್ದೆವೋ ಆ ತಾತ್ಕಾಲಿಕ ಕಡತಗಳು, ಕುಕೀಗಳು, ಲಾಗ್‌ಗಳು ಮೂಲೆಯಲ್ಲಿ ಮುದುಡಿಕೊಂಡಿರುತ್ತವೆ. ನಡುಮನೆಯಲ್ಲಿ ಕಾಲು ಚಾಚಿ ಕುಳಿತಿರುವುದು ಬೇರೆಯೇ: ಎಂದೋ ಮಾಡಿ ಮರೆತ ಫೋನ್ ಬ್ಯಾಕಪ್, ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದ ಇನ್‌ಸ್ಟಾಲರ್‌ಗಳು, ವರ್ಚುವಲ್ ಮಷೀನ್‌ನ (ಕಂಪ್ಯೂಟರಿನೊಳಗೆ ಓಡಿಸುವ ಇನ್ನೊಂದು ಕಂಪ್ಯೂಟರಿನ) ಡಿಸ್ಕ್ ಕಡತ, ಒಂದೇ ವಿಡಿಯೊದ ಸಂಪಾದನೆಗೆ ಮುನ್ನಿನ ಮತ್ತು ನಂತರದ ರೂಪಗಳು, ಆಡುವುದನ್ನು ಬಿಟ್ಟ ಆಟಗಳು. ಯಾವ ಕ್ಲೀನರ್ ಕೂಡ ಇವುಗಳನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಇವು ನಿಮಗೆ ಬೇಕೋ ಬೇಡವೋ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಆ ತೀರ್ಮಾನ ನಿಮ್ಮದೇ, ಮತ್ತು ಹತ್ತು ನಿಮಿಷದ ಆ ತೀರ್ಮಾನದಿಂದ ಸಿಗುವ ಜಾಗ ಹತ್ತು ವರ್ಷ ಕ್ಲೀನರ್ ಓಡಿಸಿದರೂ ಸಿಗಲಾರದು.

ದೊಡ್ಡದಾಗಿ ಕಾಣುವುದನ್ನೆಲ್ಲ ಕಿತ್ತೆಸೆಯಬಹುದು ಎಂದಲ್ಲ. ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಪೇಜ್‌ಫೈಲ್ ಮತ್ತು ಹೈಬರ್‌ಫಿಲ್ ಎಂಬ ಎರಡು ಭಾರೀ ಕಡತಗಳು ಕಾಣುತ್ತವೆ. ಮೊದಲನೆಯದು ಮೆಮೊರಿಯ ವಿಸ್ತರಣೆ. ಅದನ್ನು ಅದರ ಪಾಡಿಗೆ ಬಿಡಿ. ಎರಡನೆಯದು ಹೈಬರ್ನೇಟ್ ಆದಾಗ ಮೆಮೊರಿಯಲ್ಲಿದ್ದುದನ್ನು ಬರೆದಿಡುವ ಸ್ಥಳ. ಹೈಬರ್ನೇಟ್ ಬೇಡವೆಂದಿದ್ದರೆ ಆ ಸೌಲಭ್ಯವನ್ನೇ ನಿಷ್ಕ್ರಿಯಗೊಳಿಸಿ, ಕಡತ ತಾನಾಗಿ ಹೋಗುತ್ತದೆ. ಆದರೆ ಅದರ ಜೊತೆಗೆ ಯಂತ್ರವನ್ನು ಬೇಗ ಎಬ್ಬಿಸುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ ಎಂಬುದು ನೆನಪಿರಲಿ. ಆವೃತ್ತಿ ಬದಲಾದ ಬಳಿಕ ಉಳಿಯುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ವ್ಯವಸ್ಥೆಯೇ 10 ದಿನಗಳ ನಂತರ ತೆಗೆದುಹಾಕುತ್ತದೆ.

ಇನ್ನೊಂದು, ಹೆಚ್ಚು ಜನ ಎಡವುವ ಜಾಗ: ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್. ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಡುವುದು ಇಲ್ಲಿ. ಇದರ ಗಾತ್ರ ನೋಡಿ ಹೌಹಾರುವುದು ಸಹಜ, ಆದರೆ ಕಾಣುವ ಅಂಕಿ ಪೂರ್ತಿ ನಿಜವಲ್ಲ. ಇಲ್ಲಿರುವ ಬಹಳಷ್ಟು ಕಡತಗಳು ಹಾರ್ಡ್ ಲಿಂಕ್‌ಗಳು; ಅಂದರೆ ಡಿಸ್ಕಿನ ಮೇಲೆ ಇರುವ ಒಂದೇ ದತ್ತಾಂಶಕ್ಕೆ ಎರಡು ಫೋಲ್ಡರುಗಳಲ್ಲಿ ಎರಡು ಹೆಸರು. ಎರಡೂ ಕಡೆ ಎಣಿಸಿದರೆ ಒಂದೇ ಜಾಗ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇದನ್ನು ಕೈಯಿಂದ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಹಳೆಯ ಅಪ್‌ಡೇಟ್‌ಗಳ ಉಳಿಕೆಯನ್ನು ತೆಗೆಯಲು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಕ್ಲೀನಪ್ ಅಥವಾ ಡಿಸಮ್ ಆದೇಶವನ್ನು ಬಳಸಬೇಕು. ಈ ಒಂದು ವಿಷಯದಲ್ಲಿ ಹೊರಗಿನ ಯಾವ ಸಲಕರಣೆಗಿಂತಲೂ ಒಳಗಿನದೇ ಮೇಲು.

ಕ್ಯಾಶ್ ಎಂಬ ಸಾಲದ ಜಾಗ

ಈಗ ನಿಜವಾದ ಕ್ಲೀನರ್‌ಗೆ ಬರೋಣ. ಮುಕ್ತ ತಂತ್ರಾಂಶಗಳಲ್ಲಿ ಹೆಸರಾದದ್ದು ಬ್ಲೀಚ್‌ಬಿಟ್. ಆ್ಯಂಡ್ರ್ಯೂ ಝೀಮ್ ಎಂಬುವರು 2008ರಲ್ಲಿ ಲಿನಕ್ಸ್‌ಗೆಂದು ಬಿಡುಗಡೆ ಮಾಡಿದ ಇದು ಆಮೇಲೆ ವಿಂಡೋಸ್‌ಗೂ ಬಂದಿತು. ಎಡಗಡೆ ತಂತ್ರಾಂಶಗಳ ಪಟ್ಟಿ, ಪ್ರತಿಯೊಂದರ ಕೆಳಗೆ ಅಳಿಸಬಹುದಾದ ವಸ್ತುಗಳು. ಗುರುತು ಹಾಕಿ ಗುಂಡಿ ಒತ್ತುವುದು. ನೋಡಲು ಇಷ್ಟೇ. ಯಾವ ತಂತ್ರಾಂಶದ ಕಸ ಎಲ್ಲಿರುತ್ತದೆ ಎಂಬ ಮಾಹಿತಿ ಸರಳವಾದ ಪಠ್ಯ ಕಡತಗಳಲ್ಲಿ ಬೇರೆಯಾಗಿ ಬರೆದಿದೆ. ಅನುಮಾನ ಬಂದರೆ ತೆರೆದು ಓದಬಹುದು, ಹೊಸ ತಂತ್ರಾಂಶಕ್ಕೆ ನೀವೇ ಒಂದನ್ನು ಬರೆದು ಸೇರಿಸಬಹುದು.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಗುಂಡಿ ಅಳಿಸುವುದಕ್ಕೆ ಮುಂಚಿನದು: ಮುನ್ನೋಟ. ಒತ್ತಿದರೆ ಯಾವ ಯಾವ ಕಡತ ಹೋಗಲಿದೆ, ಒಟ್ಟು ಎಷ್ಟು ಜಾಗ ಸಿಗಲಿದೆ ಎಂದು ಸಾಲುಸಾಲಾಗಿ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಈ ಪಟ್ಟಿಯನ್ನು ಓದದೆ ಮುಂದೆ ಹೋಗುವವರು ಈ ತಂತ್ರಾಂಶವನ್ನು ಬಳಸದಿರುವುದೇ ಕ್ಷೇಮ. ಏಕೆಂದರೆ ಬ್ರೌಸರಿನ ಅಡಿಯಲ್ಲಿ ಕ್ಯಾಶ್ ಇರುವ ಸಾಲಿನ ಆಸುಪಾಸಿನಲ್ಲೇ ಕುಕೀಗಳು, ಇತಿಹಾಸ, ಉಳಿಸಿಟ್ಟ ಪಾಸ್‌ವರ್ಡ್‌ಗಳು ಕೂಡ ಇರುತ್ತವೆ. ಎಲ್ಲಕ್ಕೂ ಗುರುತು ಹಾಕುವ ಉತ್ಸಾಹಿಗಳು ಮರುದಿನ ಪ್ರತಿಯೊಂದು ಜಾಲತಾಣಕ್ಕೂ ಹೊಸದಾಗಿ ಲಾಗಿನ್ ಆಗಲು ಹೊರಟಾಗ ಪಾಸ್‌ವರ್ಡ್ ನೆನಪಿಲ್ಲದೆ ಕೈಕೈ ಹಿಸುಕಿಕೊಳ್ಳುತ್ತಾರೆ.

ಕ್ಯಾಶ್ ಎಂದರೆ ಮತ್ತೆ ಬೇಕಾದೀತೆಂದು ಹತ್ತಿರ ಇಟ್ಟುಕೊಂಡ ನಕಲು. ಬ್ರೌಸರ್ ಒಮ್ಮೆ ತರಿಸಿಕೊಂಡ ಚಿತ್ರವನ್ನು ಎರಡನೆಯ ಸಲ ಜಾಲದಿಂದ ತರಿಸದೆ ಡಿಸ್ಕಿನಿಂದಲೇ ಎತ್ತಿಕೊಳ್ಳುತ್ತದೆ. ಅದನ್ನು ಅಳಿಸಿದರೆ ಏನಾಗುತ್ತದೆ? ಮುಂದಿನ ಭೇಟಿಯಲ್ಲಿ ಪುಟ ತುಸು ನಿಧಾನವಾಗಿ ತೆರೆದುಕೊಳ್ಳುತ್ತದೆ, ಕೆಲವು ದಿನಗಳಲ್ಲಿ ಕ್ಯಾಶ್ ಮತ್ತೆ ಮೊದಲಿನಷ್ಟೇ ಬೆಳೆಯುತ್ತದೆ. ಹೀಗೆ ಸಿಕ್ಕ ಜಾಗ ಸಾಲವಾಗಿ ಸಿಕ್ಕ ಜಾಗ. ವಾರಕ್ಕೊಮ್ಮೆ ಕ್ಯಾಶ್ ಅಳಿಸುವುದನ್ನು ವ್ರತದಂತೆ ಪಾಲಿಸುವವರು ವೇಗ ಹೆಚ್ಚಿಸಲು ಇಟ್ಟ ವ್ಯವಸ್ಥೆಯನ್ನೇ ವೇಗದ ಹೆಸರಿನಲ್ಲಿ ಕೆಡಿಸುತ್ತಿರುತ್ತಾರೆ. ಅಳಿಸಲು ನ್ಯಾಯವಾದ ಸಂದರ್ಭಗಳೂ ಇವೆ: ಪುಟ ವಿಚಿತ್ರವಾಗಿ ಕಾಣುತ್ತಿದ್ದರೆ, ಬಳಸುವುದನ್ನು ಬಿಟ್ಟ ತಂತ್ರಾಂಶದ ಕ್ಯಾಶ್ ಉಳಿದಿದ್ದರೆ, ಅಪ್‌ಡೇಟ್‌ಗೆ ತುರ್ತಾಗಿ ಎರಡು ಮೂರು ಜಿಬಿ ಬೇಕಿದ್ದರೆ.

ಲಿನಕ್ಸ್‌ನಲ್ಲಿ ಇಂಥ ಕೆಲಸದ ಬಹುಪಾಲನ್ನು ವ್ಯವಸ್ಥೆಯ ಆದೇಶಗಳೇ ಮಾಡುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶಗಳನ್ನು ಹಾಕಿ ತೆಗೆಯುವ ಏಪಿಟಿಯ ಕ್ಲೀನ್ ಆದೇಶ ಇಳಿಸಿಕೊಂಡ ಪ್ಯಾಕೇಜ್ ಕಡತಗಳನ್ನು ತೆಗೆಯುತ್ತದೆ, ಆಟೋರಿಮೂವ್ ಈಗ ಯಾವ ತಂತ್ರಾಂಶಕ್ಕೂ ಬೇಡವಾದ ಸಹಾಯಕ ಪ್ಯಾಕೇಜ್‌ಗಳನ್ನೂ ಹಳೆಯ ಕರ್ನೆಲ್‌ಗಳನ್ನೂ ತೆಗೆಯುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲಾಗ್‌ಗಳು ಡಿಸ್ಕಿನ ಶೇ 10ರವರೆಗೆ, ಗರಿಷ್ಠ 4 ಜಿಬಿವರೆಗೆ ಬೆಳೆಯಬಹುದು. ಅವುಗಳನ್ನು ನಿರ್ವಹಿಸುವ ಜರ್ನಲ್‌ಸಿಟಿಎಲ್ ಆದೇಶಕ್ಕೆ ಒಂದು ಮಿತಿ ಹೇಳಿದರೆ ಹೆಚ್ಚಿನದನ್ನು ಕತ್ತರಿಸುತ್ತದೆ. ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ತಂತ್ರಾಂಶ ಹಾಕಿಕೊಳ್ಳುವವರು ಯಾವ ತಂತ್ರಾಂಶಕ್ಕೂ ಬೇಡವಾಗಿ ಉಳಿದ ರನ್‌ಟೈಮ್‌ಗಳನ್ನು (ತಂತ್ರಾಂಶಗಳು ಓಡಲು ಹಂಚಿಕೊಳ್ಳುವ ಭಾಗಗಳನ್ನು) ಒಮ್ಮೆ ನೋಡಬೇಕು. ತಂತ್ರಾಂಶಗಳನ್ನು ಇಮೇಜ್ ಎಂಬ ಸಿದ್ಧ ಕಟ್ಟುಗಳಾಗಿ ಓಡಿಸುವ ಡಾಕರ್ ಬಳಸುವ ಪ್ರೋಗ್ರಾಮರ್‌ಗಳಿಗಂತೂ ಉಳಿದದ್ದೆಲ್ಲ ಬಿಟ್ಟು ಅದನ್ನೇ ಮೊದಲು ನೋಡಿ ಎಂದು ಹೇಳಬೇಕು. ಹಳೆಯ ಇಮೇಜ್‌ಗಳು ಸದ್ದಿಲ್ಲದೆ ಹತ್ತಾರು ಜಿಬಿ ನುಂಗಿರುತ್ತವೆ.

ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ?

ಬ್ಲೀಚ್‌ಬಿಟ್‌ನಲ್ಲಿ ಖಾಲಿ ಜಾಗವನ್ನು ಒರೆಸುವ ಆಯ್ಕೆಯೂ ಇದೆ. ಇದನ್ನು ಕಂಡು ಖಾಲಿ ಜಾಗದಲ್ಲಿ ಒರೆಸಲು ಏನಿದೆ ಎಂದು ಕೇಳುವುದು ಸಹಜ. ಸಾಮಾನ್ಯವಾಗಿ ಕಡತ ಅಳಿಸಿದಾಗ ವ್ಯವಸ್ಥೆ ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನು ಹೊಡೆದುಹಾಕಿದಂತೆ ಮಾಡುತ್ತದೆ. ಒಳಗಿನ ಪುಟಗಳು ಹಾಗೆಯೇ ಉಳಿದಿರುತ್ತವೆ, ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ. ಫೋಟೊರೆಕ್‌ನಂಥ ಮುಕ್ತ ತಂತ್ರಾಂಶಗಳು ಅಳಿಸಿದ ಚಿತ್ರಗಳನ್ನು ಹೆಕ್ಕಿ ಕೊಡುವುದು ಇದರಿಂದಲೇ ಸಾಧ್ಯವಾಗುತ್ತದೆ. ಹಳೆಯ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವಾಗ ಒರೆಸುವಿಕೆಗೆ ಅರ್ಥ ಬರುವುದೂ ಇದರಿಂದಲೇ. ಅದಕ್ಕೆ 35 ಸಲ ಮೇಲೆ ಬರೆಯಬೇಕು ಎಂಬ ನಂಬಿಕೆ ಈಗಲೂ ಓಡಾಡುತ್ತಿದೆ. ಅದರ ಮೂಲ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ; ಆ ಲೆಕ್ಕ ಅಂದಿನ ಮತ್ತು ಅದಕ್ಕೂ ಹಳೆಯ ಡಿಸ್ಕ್‌ಗಳ ಬರೆಯುವ ವಿಧಾನಗಳನ್ನೆಲ್ಲ ಒಟ್ಟುಗೂಡಿಸಿದ್ದು, ಹೊಸ ಡಿಸ್ಕ್‌ಗಳಿಗೆ ಅದು ಬೇಕಿಲ್ಲ ಎಂದು ಅವರೇ ಆಮೇಲೆ ಸ್ಪಷ್ಟಪಡಿಸಿದ್ದಾರೆ.

ಇದೆಲ್ಲ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್‌ನ ಮಾತು. ಎಸ್‌ಎಸ್‌ಡಿಯಲ್ಲಿ ಕಥೆ ಬೇರೆ. ಅದು ಒಂದೇ ಕೋಶಕ್ಕೆ ಮತ್ತೆ ಮತ್ತೆ ಬರೆಯದೆ ಸವೆತವನ್ನು ಎಲ್ಲ ಕಡೆ ಹಂಚಲು ದತ್ತಾಂಶವನ್ನು ಅತ್ತಿತ್ತ ಸರಿಸುತ್ತಿರುತ್ತದೆ. ನೀವು ಮೇಲೆ ಬರೆದೆ ಎಂದುಕೊಂಡದ್ದು ನಿಜವಾಗಿ ಬೇರೆಲ್ಲೋ ಬಿದ್ದಿರಬಹುದು. ಹೀಗಾಗಿ ಎಸ್‌ಎಸ್‌ಡಿಯ ಖಾಲಿ ಜಾಗ ಒರೆಸುವುದರಿಂದ ಖಾತರಿಯೂ ಇಲ್ಲ, ಆಯಸ್ಸೂ ಸವೆಯುತ್ತದೆ. ಅದಕ್ಕೆ ಟ್ರಿಮ್ ಎಂಬ ವ್ಯವಸ್ಥೆಯಿದೆ: ಈ ಬ್ಲಾಕ್‌ಗಳು ಇನ್ನು ಬೇಡ ಎಂದು ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ತನ್ನ ಬಿಡುವಿನಲ್ಲಿ ಅವನ್ನು ಖಾಲಿ ಮಾಡಿಕೊಳ್ಳುತ್ತದೆ. ಗುಟ್ಟಾಗಿ ಇಡಬೇಕಾದ ಮಾಹಿತಿ ಇದ್ದರೆ ಮೊದಲ ದಿನದಿಂದಲೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುವುದು ಸರಿಯಾದ ದಾರಿ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನಂತೆ ಡಿಫ್ರ್ಯಾಗ್ ಮಾಡಬೇಕೆಂಬ (ಚದುರಿದ ಕಡತದ ತುಂಡುಗಳನ್ನು ಒಟ್ಟಿಗೆ ಜೋಡಿಸಬೇಕೆಂಬ) ಹಳೆಯ ಅಭ್ಯಾಸವನ್ನೂ ಇಲ್ಲಿಗೇ ಬಿಡಬಹುದು.

ಜೋಡಿ ಕಡತಗಳು

ಒಂದೇ ಫೋಟೊ ಮೂರು ಫೋಲ್ಡರುಗಳಲ್ಲಿ ಇರುವುದು ಯಾರಿಗೂ ಹೊಸದಲ್ಲ. ಹೆಸರು ಬದಲಾಗಿದ್ದರೂ ಒಳಗಿನದು ಒಂದೇ ಎಂದು ಹುಡುಕಿಕೊಡಲು ಡೂಪ್‌ಗುರು, ಚ್ಕಾವ್ಕಾ ಎಂಬ ಮುಕ್ತ ತಂತ್ರಾಂಶಗಳಿವೆ. ಇವುಗಳ ಜಾಣತನ ನೋಡುವಂಥದ್ದು. ಲಕ್ಷ ಕಡತಗಳನ್ನು ಒಂದಕ್ಕೊಂದು ಹೋಲಿಸಹೊರಟರೆ ದಿನಗಟ್ಟಲೆ ಬೇಕು. ಹಾಗಾಗಿ ಮೊದಲು ಗಾತ್ರ ನೋಡುತ್ತವೆ: ಗಾತ್ರ ಬೇರೆಯಾದರೆ ಒಳಗಿನದು ಒಂದೇ ಆಗಿರಲು ಸಾಧ್ಯವೇ ಇಲ್ಲ, ಕಡತ ತೆರೆಯುವ ಅಗತ್ಯವೂ ಇಲ್ಲ. ಹೆಚ್ಚಿನವು ಇಲ್ಲೇ ಹೊರಬೀಳುತ್ತವೆ. ಗಾತ್ರ ಒಂದೇ ಆದವುಗಳ ಆರಂಭದ ಸ್ವಲ್ಪ ಭಾಗವನ್ನು ಮಾತ್ರ ಓದಿ ಅದರ ಹ್ಯಾಶ್ ಲೆಕ್ಕ ಹಾಕುತ್ತವೆ. ಹ್ಯಾಶ್ ಅಂದರೆ ದತ್ತಾಂಶದಿಂದ ಹುಟ್ಟುವ, ಒಂದು ಬೈಟ್ ಬದಲಾದರೂ ಪೂರ್ತಿ ಬದಲಾಗುವ ಗುರುತುಸಂಖ್ಯೆ. ಅದೂ ತಾಳೆಯಾದರೆ ಮಾತ್ರ ಇಡೀ ಕಡತವನ್ನು ಓದುತ್ತವೆ. ಗಾತ್ರ ತಗ್ಗಿಸಿದ, ಸ್ವಲ್ಪ ತಿದ್ದಿದ ಫೋಟೊಗಳನ್ನು ಹಿಡಿಯುವ ಬೇರೆ ವಿಧಾನವೂ ಇವುಗಳಲ್ಲಿದೆ. ಅದು ಬೈಟ್‌ಗಳ ಬದಲು ಚಿತ್ರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಹೋಲಿಸುತ್ತದೆ, ಆದ್ದರಿಂದ ತಪ್ಪಬಹುದು. ಒಂದರ ಹಿಂದೊಂದು ತೆಗೆದ ಎರಡು ಬೇರೆ ಫೋಟೊಗಳನ್ನು ಜೋಡಿ ಎಂದು ಹೇಳಬಹುದು.

ಇಲ್ಲಿ ಮೂರು ಕಡೆ ಕೈ ತಡೆಯಬೇಕು. ವಿಂಡೋಸ್ ಅಥವಾ ಪ್ರೋಗ್ರಾಂಗಳ ಫೋಲ್ಡರುಗಳಲ್ಲಿ ಜೋಡಿ ಹುಡುಕಬೇಡಿ. ಎರಡು ತಂತ್ರಾಂಶಗಳು ಒಂದೇ ಲೈಬ್ರರಿಯನ್ನು ತಮ್ಮ ತಮ್ಮ ಬಳಿ ಇಟ್ಟುಕೊಳ್ಳುವುದು ಬೇಕೆಂದೇ. ಕ್ಲೌಡ್‌ನೊಂದಿಗೆ ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸಿದ್ದು ಉಳಿದ ಎಲ್ಲ ಸಾಧನಗಳಿಂದಲೂ ಅಳಿಯುತ್ತದೆ. ಮತ್ತು ಹೊರಗಿನ ಡಿಸ್ಕಿನಲ್ಲಿರುವ ಎರಡನೆಯ ನಕಲನ್ನು ಕಂಡು ಇದೂ ಕಸವೇ ಎಂದುಕೊಳ್ಳಬೇಡಿ, ಅದರ ಹೆಸರು ಬ್ಯಾಕಪ್.

ಬೇಡದ ಪ್ರೋಗ್ರಾಂಗಳು, ಬೇಡದ ಭಯಗಳು

ಗುಂಪಾಗಿ ಪ್ರೋಗ್ರಾಂ ತೆಗೆಯಲು ವಿಂಡೋಸ್‌ನಲ್ಲಿ ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್ ಇದೆ. ಹೆಸರು ಒರಟು, ಕೆಲಸ ನಾಜೂಕು. ಹತ್ತು ತಂತ್ರಾಂಶಗಳನ್ನು ಗುರುತಿಸಿದರೆ ಒಂದಾದ ಮೇಲೊಂದರಂತೆ ತೆಗೆಯುತ್ತದೆ, ಆಮೇಲೆ ಅವು ಬಿಟ್ಟುಹೋದ ಫೋಲ್ಡರು, ರಿಜಿಸ್ಟ್ರಿ (ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಆಯ್ಕೆಗಳನ್ನು ಬರೆದಿಡುವ ದತ್ತಸಂಚಯ) ನಮೂದುಗಳನ್ನು ಹುಡುಕಿ ಪ್ರತಿಯೊಂದರ ಪಕ್ಕದಲ್ಲೂ ಇದು ಉಳಿಕೆಯೇ ಎಂಬ ಬಗ್ಗೆ ತನಗೆ ಎಷ್ಟು ಭರವಸೆಯಿದೆ ಎಂದು ಹೇಳುತ್ತದೆ. ತನ್ನ ಅನುಮಾನವನ್ನು ಮುಚ್ಚಿಡದ ತಂತ್ರಾಂಶ ಅಪರೂಪ. ಭರವಸೆ ಕಡಿಮೆಯಿದ್ದ ಕಡೆ ಬಿಟ್ಟುಬಿಡಿ.

ರಿಜಿಸ್ಟ್ರಿಯನ್ನೇ ತೊಳೆದು ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳಿಂದ ಮಾತ್ರ ದೂರವಿರಿ, ಅವು ಮುಕ್ತವಾಗಿರಲಿ ಬಿಡಲಿ. ಲಕ್ಷಾಂತರ ನಮೂದುಗಳಿರುವ ದತ್ತಸಂಚಯದಲ್ಲಿ ಕೆಲವು ನೂರು ಅನಾಥ ನಮೂದುಗಳು ಹೋದರೆ ಹುಡುಕಾಟದ ವೇಗ ಬದಲಾಗುವುದಿಲ್ಲ. ತಪ್ಪಾದ ಒಂದು ಹೋದರೆ ಏನೋ ಒಂದು ನಿಲ್ಲುತ್ತದೆ. ಇಂಥ ಸಲಕರಣೆಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೊಸಾಫ್ಟ್ ಸಂಸ್ಥೆಯೇ ಹೇಳಿದೆ. ಮೆಮೊರಿ ಖಾಲಿ ಮಾಡುವ ತಂತ್ರಾಂಶಗಳದ್ದೂ ಇದೇ ಹಣೆಬರಹ: ಖಾಲಿ ಮೆಮೊರಿಯಿಂದ ಯಾವ ಲಾಭವೂ ಇಲ್ಲವೆಂದೇ ವ್ಯವಸ್ಥೆ ಅದನ್ನು ಕ್ಯಾಶ್‌ಗೆ ಬಳಸುತ್ತದೆ, ಬೇಕಾದಾಗ ತಾನೇ ಬಿಟ್ಟುಕೊಡುತ್ತದೆ.

ಕ್ಲೀನರ್‌ಗಳು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತವೆ, ಆದ್ದರಿಂದ ಎಲ್ಲಿಂದ ತಂದೆವು ಎಂಬ ಪ್ರಶ್ನೆ ಸಣ್ಣದಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕೋಡನ್ನು ತೂರಿಸಿದ್ದರು. ಅದು ಅಧಿಕೃತ ತಾಣದಿಂದಲೇ, ಸಿಂಧುವಾದ ಡಿಜಿಟಲ್ ಸಹಿಯೊಂದಿಗೇ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಸೇರಿತು. ಸಿಕ್ಲೀನರ್ ದುಡ್ಡಿಲ್ಲದೆ ಸಿಗುತ್ತದೆ, ಆದರೆ ಅದರ ಒಳಗನ್ನು ಹೊರಗಿನವರು ಓದುವಂತಿಲ್ಲ. ಹಾಗೆಂದು ಮುಕ್ತ ತಂತ್ರಾಂಶಕ್ಕೆ ಇಂಥದ್ದು ತಾಗುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. 2024ರಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ಹಿಂಬಾಗಿಲೊಂದನ್ನು ಅಡಗಿಸಿಟ್ಟದ್ದು ಪತ್ತೆಯಾಯಿತು. ಪತ್ತೆ ಮಾಡಿದ ಎಂಜಿನಿಯರ್ ಆ್ಯಂಡ್ರೆಸ್ ಫ್ರಾಯಿಂಡ್ ಅವರಿಗೆ ಅನುಮಾನ ಹುಟ್ಟಿಸಿದ್ದು ದೂರದ ಯಂತ್ರಕ್ಕೆ ಲಾಗಿನ್ ಆಗುವಾಗಿನ ಅರ್ಧ ಸೆಕೆಂಡಿನ ವಿಳಂಬ. ಅಲ್ಲಿಂದ ಎಳೆ ಹಿಡಿದು ಒಳಗಿಳಿದು ನೋಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಬಳಸುವವರು ಮಾಡಬಹುದಾದದ್ದು ಇಷ್ಟು: ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತದಿರುವುದು, ಯೋಜನೆಯ ಸ್ವಂತ ತಾಣದಿಂದ ಅಥವಾ ಲಿನಕ್ಸ್ ವಿತರಣೆಯ ಭಂಡಾರದಿಂದಲೇ ಪಡೆಯುವುದು, ವಿಂಡೋಸ್‌ನಲ್ಲಾದರೆ ತಂತ್ರಾಂಶ ಹಾಕಿಕೊಡುವ ಮೈಕ್ರೊಸಾಫ್ಟ್‌ನ ವಿನ್‌ಗೆಟ್ ಆದೇಶವನ್ನು ಬಳಸುವುದು.

ಕೊನೆಗೆ, ಉಳಿಸಿಕೊಂಡಿದ್ದ ವೇಗದ ದೂರು. ವಿಂಡೋಸ್ 8ರಿಂದೀಚೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಎಂಬ ವಿಭಾಗವಿದೆ. ಯಂತ್ರ ಏಳುವಾಗಲೇ ಜೊತೆಗೆ ಏಳುವ ಪ್ರೋಗ್ರಾಂಗಳ ಪಟ್ಟಿ, ಯಾವುದು ಎಷ್ಟು ಹೊರೆ ಎಂಬ ಅಂದಾಜು ಎರಡೂ ಅಲ್ಲಿವೆ. ಗುರುತು ಹತ್ತದ ಹೆಸರನ್ನು ಮೊದಲು ಹುಡುಕಿ ತಿಳಿದುಕೊಂಡು, ಬೇಡದವನ್ನು ನಿಷ್ಕ್ರಿಯಗೊಳಿಸಿ. ಇದರಲ್ಲಿ ಏನೂ ಅಳಿಯುವುದಿಲ್ಲ, ಬೇಕೆನಿಸಿದರೆ ಮತ್ತೆ ಚಾಲೂ ಮಾಡಬಹುದು. ಲಿನಕ್ಸ್‌ನಲ್ಲಿ ಸಿಸ್ಟಂಡಿ ಅನಲೈಜ್‌ಗೆ ಬ್ಲೇಮ್ ಎಂದು ಸೇರಿಸಿ ಕೇಳಿದರೆ ಬೂಟ್ ಆಗುವಾಗ ಯಾವ ಸೇವೆ ಎಷ್ಟು ಸಮಯ ತೆಗೆದುಕೊಂಡಿತು ಎಂದು ಹೇಳುತ್ತದೆ.

ಇಷ್ಟಾದರೂ ಕಡತಗಳು ತೆರೆಯುವಾಗ ತಡೆತಡೆದು ನಿಲ್ಲುತ್ತಿದ್ದರೆ ಡಿಸ್ಕಿನ ಆರೋಗ್ಯವನ್ನೇ ನೋಡಬೇಕು. ವಿಂಡೋಸ್‌ನ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಎಲ್ಲ ಕಡೆ ಓಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಎರಡೂ ಮುಕ್ತ ತಂತ್ರಾಂಶಗಳೇ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಇವು ಓದಿ ಹೇಳುತ್ತವೆ. ಹಾರ್ಡ್ ಡಿಸ್ಕಿನಲ್ಲಿ 5 ಮತ್ತು 197ನೆಯ ಸಾಲುಗಳನ್ನು ಗಮನಿಸಿ: ಕೆಟ್ಟುಹೋದ ಕಾರಣ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ತುಣುಕುಗಳು) ಮೊದಲನೆಯದು, ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು ಎರಡನೆಯದು. ಈ ಅಂಕಿಗಳು ಏರುತ್ತಿದ್ದರೆ ಕ್ಲೀನರ್, ಜೋಡಿ ಹುಡುಕಾಟ ಯಾವುದನ್ನೂ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವುದು ಅದನ್ನು ಬೇಗ ಮುಗಿಸುತ್ತದೆ. ಬೇಕಾದ ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ನಕಲು ಮಧ್ಯದಲ್ಲೇ ನಿಲ್ಲುತ್ತಿದ್ದರೆ ಗ್ನೂ ಡಿಡಿರೆಸ್ಕ್ಯೂ ಪ್ರಯತ್ನಿಸಿ: ಅದು ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಹಿಡಿದ ಭಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ.